ಹೆಸರಿಲ್ಲದ ಕೂಸು, ಮೂರನೆಯ ಸ್ಥಾನ

ಶಾಸನಸಭೆಯ ಒಟ್ಟು ಸ್ಥಾನಗಳು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಜನಗಣತಿ ಮುಗಿದಾಗಲೆಲ್ಲ ಅವನ್ನು ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಮರುಹಂಚುವುದು ನಮ್ಮ ಕಚೇರಿಯ ಕೆಲಸ. ಹಂಚಿ ಹಂಚಿ ಕೊನೆಗೆ ಒಂದು ಸ್ಥಾನ ಉಳಿದಿತ್ತು. ಅದು, ಯಾರ ಪಾಲಿನಲ್ಲಿ ಪೂರ್ಣಸಂಖ್ಯೆ ಕಳೆದು ಉಳಿದ ಭಿನ್ನರಾಶಿ ದೊಡ್ಡದೋ ಅವರಿಗೆ. ಈ ಸಲ ಬಂದರಿನ ರಾಜ್ಯ ನನ್ನ ತವರು ರಾಜ್ಯವನ್ನು ಕೂದಲೆಳೆಯಷ್ಟು ಹಿಂದೆ ಹಾಕಿತ್ತು. ನಮ್ಮ ಮೂರು ಸ್ಥಾನ ಎರಡಾಗುವುದರಲ್ಲಿತ್ತು. ಬೆಟ್ಟದಾಚೆಯ ನಮ್ಮೂರುಗಳ ಪರವಾಗಿ ಸಭೆಯಲ್ಲಿ ಬಾಯಿ ತೆರೆಯುತ್ತಿದ್ದುದು ಆ ಮೂರನೆಯ ಸದಸ್ಯರೊಬ್ಬರೇ.

"ಯಾಕೇ, ಮುಖ ಸಪ್ಪಗಿದೆ? ನಿಮ್ಮ ಸೀಟು ನಾವು ಚೆನ್ನಾಗಿ ನೋಡ್ಕೋತೀವಿ ಬಿಡು," ಎಂದು ಪಕ್ಕದ ಮೇಜಿನವಳು ಕಿಚಾಯಿಸಿದಳು. ಅವಳು ಬಂದರಿನವಳು.

ಊಟದ ಹೊತ್ತಿಗೆ ತಂಗಿಯ ಫೋನ್ ಬಂತು. ಅವಳ ಹಸುಗೂಸಿಗೆ ಇನ್ನೂ ಹೆಸರಿಲ್ಲ. ಅಮ್ಮನಿಗೂ ತಂಗಿಯ ಅತ್ತೆಗೂ ಒಮ್ಮತವಾಗದು. ನಮ್ಮ ಕಡೆ ಮನೆಮನೆಯಲ್ಲೂ ಇದೇ ಕಥೆ; ಕೂಸಿಗೆ ಹೆಸರಿಡಲು ತಿಂಗಳುಗಟ್ಟಲೆ ಹಿಡಿಯುತ್ತದೆ.

"ಗಣತಿಯವರು ಬಂದಾಗ ಏನಂತ ಬರೆಸಿದೆಯೇ?"

"ಹೆಸರಿನ ಜಾಗ ಖಾಲಿ ಬಿಟ್ಟು ಬರ್ಕೊಂಡ್ರು ಅಕ್ಕಾ."

ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದೆ. ಖಾಲಿ ಸಾಲುಗಳು ಎಣಿಕೆಗೆ ಸೇರಬಾರದೆಂದು, ಹೆಸರಿಲ್ಲದ ಸಾಲುಗಳನ್ನೆಲ್ಲ ಕೈಬಿಡುವಂತೆ ಕಂಪ್ಯೂಟರಿಗೆ ನಾವೇ ಹೇಳಿಟ್ಟಿದ್ದೆವು.

ಹೇಳಿದರೆ, ತವರಿಗಾಗಿ ಕೈಯಾಡಿಸಿದಳು ಎನ್ನುತ್ತಾರೆ. ಸುಮ್ಮನಿದ್ದರೆ ಅಷ್ಟೂ ಕೂಸುಗಳು ಲೆಕ್ಕದಿಂದ ಹೊರಗೆ. ಕೊನೆಗೆ ಮುಖ್ಯಸ್ಥರ ಕೋಣೆಗೆ ಹೋದೆ. ಅವರಿಗೆ ನಾವಿಟ್ಟ ಹೆಸರು ದಶಮಾಂಶ.

"ಸರ್, ಇದು ನನ್ನ ತವರಿನ ವಿಷಯ. ಅದನ್ನ ಮೊದಲೇ ಹೇಳಿಬಿಡ್ತೀನಿ," ಎಂದು ಶುರುಮಾಡಿದೆ.

ಎಲ್ಲ ಕೇಳಿ ಅವರು ಕನ್ನಡಕ ತೆಗೆದರು. "ಬಂದರಿನವರ ಕೂಸುಗಳಿಗೆಲ್ಲ ಹೆಸರಿಟ್ಟಾಗಿದೆಯೇನಮ್ಮಾ?"

"ಗೊತ್ತಿಲ್ಲ ಸರ್. ಎಲ್ಲ ರಾಜ್ಯದ್ದೂ ಸೇರಿಸ್ಬೇಕು. ನಮಗೆ ಸ್ಥಾನ ಬರದಿದ್ರೂ ಸರಿಯೇ."

"ಸೇರಿಸೋಣ. ಆದ್ರೆ ನೀವು ಮುಟ್ಟಬೇಡಿ. ಆ ಬಂದರಿನ ಹುಡುಗೀನೇ ಮಾಡ್ಲಿ. ಆಮೇಲೆ ಯಾರೂ ತುಟಿಪಿಟಕ್ ಅನ್ನಲ್ಲ."

ಮರುದಿನವಿಡೀ ಅವಳ ಬೆನ್ನನ್ನೇ ನೋಡುತ್ತಾ ಕುಳಿತೆ. ಒಂದು ಸಲ ಆಕೆ ತಲೆ ಕೆರೆದುಕೊಂಡಳು. ಇನ್ನೊಂದು ಸಲ, ಮಾಡಿದ್ದನ್ನೆಲ್ಲ ಅಳಿಸಿ ಮತ್ತೆ ಕೂಡಿದಳು. ಸಂಜೆ ಕುರ್ಚಿ ತಿರುಗಿಸಿದಳು.

"ತಗೊಳ್ಳೇ! ನಿಮ್ಮೂರಿನ ಅಳುಬುರುಕರೆಲ್ಲ ಸೇರಿ ನಮ್ಮನ್ನ ಸೋಲಿಸಿಬಿಟ್ರು. ಮೂರೂ ನಿಮಗೇ."

ಮೆಟ್ಟಿಲಲ್ಲಿ ನಿಂತೇ ತಂಗಿಗೆ ಫೋನ್ ಮಾಡಿದೆ. "ಸೀಟು ಉಳಿಸಿದ ಮಗು ಕಣೇ ಅದು. ಈಗಲಾದ್ರೂ ಒಂದು ಹೆಸರಿಡ್ರೇ!"

"ಈಗೇನು ಅವಸರ ಅಕ್ಕಾ?" ಎಂದು ನಕ್ಕಳು. ಹಿಂದಿನಿಂದ ಅಮ್ಮನೂ ಅವಳ ಅತ್ತೆಯೂ ಜಗಳವಾಡುವುದು ಜೋರಾಗಿ ಕೇಳಿಸುತ್ತಿತ್ತು.