ಮೈಕಿನಲ್ಲಿ ಯಾರ ದನಿ

ರಟ್ಟಿನ ಡಬ್ಬಿ ಕಾರ್ಖಾನೆಯ ಮ್ಯಾನೇಜರು ಕೆಳಗಿಳಿದು ಬಂದದ್ದನ್ನು ಕಂಡವರು ಕಡಿಮೆ. ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಮಾತಾಡುತ್ತಿದ್ದರು. ಕೆಳಗೆ ಯಂತ್ರಗಳ ಗದ್ದಲದ ನಡುವೆ, ಮೂಲೆಮೂಲೆಯ ಸ್ಪೀಕರುಗಳಿಂದ ಅವರ ದನಿ ಸುರಿಯುತ್ತಿತ್ತು. ಪ್ರತಿ ಮಾತಿನ ಬಾಲಕ್ಕೂ ಮೂಗಿನಿಂದ ಒಂದು "ತಿಳೀತಾ?" ಅಂಟಿಸುತ್ತಿದ್ದರು. ಹಾಗಾಗಿ ಕೆಲಸಗಾರರಿಗೆ ಅವರು ತಿಳೀತಾ ಸಾಹೇಬರು.

ಆ ದನಿಯ ಇನ್ನೊಬ್ಬ ಒಡೆಯ ಗಿಳಿ. ಪ್ರೆಸ್ಸಿಗೆ ರಟ್ಟು ಎತ್ತಿಕೊಡುವುದು ಅವನ ಕೆಲಸ. ಪ್ರೆಸ್ಸು ನಡೆಸುವವರು ಅವನ ಅಕ್ಕನ ಗಂಡ. ಗಿಳಿ ಕೆಮ್ಮಿದರೂ ಸಾಹೇಬರೇ ಕೆಮ್ಮಿದ ಹಾಗೆ. ಇದು ಸಾಹೇಬರ ಕಿವಿಗೂ ಬಿದ್ದಾಗ ಅವರು ಸಿಟ್ಟಾಗಲಿಲ್ಲ, ಅವನನ್ನು ಕೆಲಸಕ್ಕೆ ಹಚ್ಚಿದರು. ಮಧ್ಯಾಹ್ನ ಕಣ್ಣು ಎಳೆದಾಗ ಗಿಳಿಯನ್ನು ಮೇಲಕ್ಕೆ ಕರೆಸಿ, ಮೈಕು ಕೈಗೆ ಕೊಟ್ಟು, ತಾವು ಸೋಫಾದ ಮೇಲೆ ಅಡ್ಡಾಗುತ್ತಿದ್ದರು.

"ಎರಡನೇ ಲೈನು, ಡಬ್ಬಿ ಮಾಡ್ತಿದ್ದೀರೋ, ಡಬ್ಬಿಯೊಳಗೆ ಮಲಗಿದ್ದೀರೋ? ತಿಳೀತಾ?" ಎಂದು ಗಿಳಿ ಗದರುತ್ತಿದ್ದ. ಇದು ಅಸಲೋ ನಕಲೋ ಎಂದು ಕೆಳಗಿನವರು ಪಂಥ ಕಟ್ಟಿ ಸೋಲುತ್ತಿದ್ದರು. ಒಟ್ಟಿನಲ್ಲಿ ಕೈಗಳು ಚುರುಕಾಗುತ್ತಿದ್ದವು, ಗೊರಕೆ ಮೈಕಿಗೆ ಕೇಳುತ್ತಿರಲಿಲ್ಲ.

ರಟ್ಟಿನ ರಾಶಿಗಳ ಹಿಂದೆ, ಉಳಿದವರ ಕಣ್ಣಿಗೆ ಮರೆಯಾಗಿದ್ದ ಪ್ರೆಸ್ಸಿನ ಬಾಯಿಗೆ ಕಬ್ಬಿಣದ ಜಾಲರಿಯಿತ್ತು. ಪ್ರತಿ ಸಲ ಅದು ಇಳಿದು ಕೈಯನ್ನು ಹೊರಗಿಡಬೇಕು, ಆಮೇಲೆ ಬ್ಲೇಡು ಬೀಳಬೇಕು. ಆದರೆ ಇಳಿಯೋದು ಏಳೋದು ಅಂತ ಹೊತ್ತು ಹಾಳು. ಅವಸರದ ಆರ್ಡರು ಬಂದಾಗ ಅದನ್ನು ಹುರಿಹಗ್ಗದಿಂದ ಎತ್ತಿ ಕಟ್ಟುವುದು ಅಲ್ಲಿಯ ರೂಢಿ.

ಆ ದಿನವೂ ಮೈಕು ಕೂಗಿತು. "ಜಾಲರಿ ಎತ್ತಿ ಕಟ್ರಯ್ಯಾ, ಲಾರಿ ಬಂದು ನಿಂತಿದೆ. ತಿಳೀತಾ?"

ಭಾವನ ಪಕ್ಕದಲ್ಲೇ ರಟ್ಟು ಹಿಡಿದು ನಿಂತಿದ್ದ ಗಿಳಿ ನಕ್ಕ. "ಭಾವ, ನನ್ನ ಬಾಯಿ ಮುಚ್ಚಿದೆ ನೋಡಿ. ಇದು ಅಸಲು."

ಭಾವ ಕಟ್ಟಿದರು. ಪ್ರೆಸ್ಸು ಕೈಕೊಟ್ಟಿತು ಎಂದು ಆಮೇಲೆ ಎಲ್ಲರೂ ಅಂದರು. ಅದು ಕೊಟ್ಟದ್ದೇನೂ ಇಲ್ಲ, ತೆಗೆದುಕೊಂಡಿತು. ಬಲಗೈಯಲ್ಲಿ ಹೆಬ್ಬೆರಳೊಂದು ಉಳಿಯಿತು. ಮಿಕ್ಕವು ರಟ್ಟಿನ ಚೂರುಗಳ ಜೊತೆ ಕಸದ ತೊಟ್ಟಿಗೆ ಜಾರಿದವು. ಗಿಳಿ ತನ್ನ ಅಂಗಿ ಬಿಚ್ಚಿ ಸುತ್ತಿ, ಭಾವನನ್ನು ಅದೇ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದ.

ಅಪರಾಧ, ವಿಮೆ, ನೌಕರಿ, ಈ ಮೂರರ ಕಾನೂನನ್ನೂ ಸರ್ಕಾರ ಆಗಷ್ಟೇ ಒಟ್ಟಿಗೆ ತಿದ್ದಿತ್ತು. ಅದನ್ನು ಓದಿದವರು ಕಾರ್ಖಾನೆಯಲ್ಲಿ ಸಾಹೇಬರೊಬ್ಬರೇ. ಅವರು ಅಕ್ಕನನ್ನು ಗಾಜಿನ ಕೋಣೆಗೆ ಕರೆಸಿ, ಫ್ಯಾನು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ಮುಂಚೆ ತಪ್ಪು ಯಾರದಾದ್ರೂ ವಿಮೆಯೋರು ಕೊಡೋರು. ಈಗ ಹಾಗಿಲ್ಲ. ಮೇಲಿನೋರ ಅಪ್ಪಣೆಯಿಂದ ಏಟಾಯ್ತು ಅಂದ್ರೆ ವಿಮೆಯೋರು ಕೈ ತೊಳ್ಕೋತಾರೆ, ನೀವು ಮಾಲೀಕರ ಮೇಲೆ ಕೋರ್ಟಿಗೆ ಹೋಗ್ಬೇಕು. ಅವರ ವಕೀಲರು ನಿನ್ನ ಮಗಳು ಅಜ್ಜಿಯಾಗೋ ತನಕ ಎಳೀತಾರೆ. ನಿನ್ನ ಗಂಡ ತಾನಾಗೇ ಕಟ್ಟಿದ್ದು ಅಂದ್ರೆ ಬಿಡಿಗಾಸಿಲ್ಲ, ಕೆಲಸವೂ ಹೋಯ್ತು, ನೋಟಿಸೂ ಬೇಡ. ಆದ್ರೆ ಜೊತೆ ಕೆಲಸದೋನು ಮೋಸ ಮಾಡಿ ಕಟ್ಟಿಸಿದ್ದ ಅಂತಾದ್ರೆ ಅದು ಅಪರಾಧ. ಅವನಿಗೆ ಜೈಲು, ನಿಮಗೆ ವಿಮೆ. ತಿಳೀತಾ?"

"ಜೊತೆ ಕೆಲಸದೋನು ಅಂದ್ರೆ ಯಾರು ಸಾರ್?"

"ನಾನ್ಯಾಕಮ್ಮ ಬಾಯಿಬಿಡ್ಲಿ? ನನ್ನ ದನಿಯಲ್ಲಿ ಮಾತಾಡೋರು ಇಲ್ಲಿ ಎಷ್ಟು ಜನ ಇದ್ದಾರೆ, ನೀನೇ ಹೇಳು."

ಅಕ್ಕ ಅಲ್ಲಿಂದ ನೇರ ಆಸ್ಪತ್ರೆಗೆ ಬಂದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಗಿಳಿ ಕೂತಿದ್ದ. ಪಕ್ಕದ ರೋಗಿಯೊಬ್ಬನಿಗೆ ದೊಡ್ಡ ಡಾಕ್ಟರ ನಡಿಗೆ ಮಾಡಿ ತೋರಿಸಿ ಆಗಷ್ಟೇ ನಗಿಸಿದ್ದ. ಅವಳು ಸಾಹೇಬರು ಹೇಳಿದ್ದನ್ನೆಲ್ಲ ಒಪ್ಪಿಸಿದಳು.

"ಒಪ್ಪಿಕೊಂಡುಬಿಡೋ. ತಮಾಷೆಗೆ ಅಂದೆ ಅಂತ ಹೇಳು. ನಿನಗೇನು ಹೆಂಡತಿಯಾ, ಮಕ್ಕಳಾ? ಒಳಗಿದ್ರೂ ಹೊರಗಿದ್ರೂ ನಿನ್ನ ಬಾಯೇ ನಿನಗೆ ಜೊತೆ."

"ಜೈಲು ಅಕ್ಕಾ ಅದು! ಮಾವನ ಮನೆ ಅಂತ ಬಾಯಿಮಾತಿಗೆ ಅಂತಾರೆ, ಅಲ್ಲಿ ಹೆಣ್ಣು ಕೊಡಲ್ಲ." ತಾನೇ ನಕ್ಕ, ಅವಳು ನಗದ್ದು ನೋಡಿ ನಿಲ್ಲಿಸಿದ. "ನಾನು ಭಾವನ ಪಕ್ಕದಲ್ಲೇ ಇದ್ದೆ. ಅವರು ಒಂದು ಮಾತು ಹೇಳಿದ್ರೆ ಸಾಕು, ಯಾವ ಸಾಹೇಬನೂ ನನ್ನ ಕೂದಲು ಕೊಂಕಿಸೋಕಾಗಲ್ಲ."

"ಅದನ್ನೇ ಅವರ ಹತ್ರ ಮಾತಾಡ್ತೀನಿ" ಎಂದು ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ವಿಚಾರಣೆ ನಡೆದದ್ದು ಪ್ರೆಸ್ಸಿನ ಮುಂದೆಯೇ. ಕಾರ್ಮಿಕ ಇಲಾಖೆಯ ಅಧಿಕಾರಿ ಮೇಜು ಹಾಕಿಸಿಕೊಂಡಿದ್ದರು, ಬಾಗಿಲ ಹತ್ತಿರ ಪೊಲೀಸರು. ತಿಳೀತಾ ಸಾಹೇಬರು ಅಂದು ಕೆಳಗಿಳಿದು ಬಂದಿದ್ದರು. ತಾನು ಆ ಹೊತ್ತಿಗೆ ಮಲಗಿದ್ದೆ, ಮೈಕು ಗಿಳಿಯ ಕೈಯಲ್ಲಿತ್ತು ಎಂದು ನಾಚಿಕೆಪಟ್ಟುಕೊಂಡವರ ಹಾಗೆ ಹೇಳಿದರು. ಕೆಲಸಗಾರರನ್ನು ಕೇಳಿದರೆ, "ಹೇಗೆ ಹೇಳೋದು ಸಾರ್, ಎರಡೂ ಒಂದೇ ಅಚ್ಚು" ಎಂದರು.

"ಎಲ್ಲಿ, ಆ ಮಾತು ಹೇಳು ನೋಡೋಣ" ಎಂದು ಅಧಿಕಾರಿ ಗಿಳಿಗೆ ಮೈಕು ತರಿಸಿ ಕೊಟ್ಟರು.

ಗಿಳಿ ತನ್ನ ಸ್ವಂತ ದನಿಯಲ್ಲಿ, ಪಾಠ ಒಪ್ಪಿಸುವವನಂತೆ, "ಜಾಲರಿ ಎತ್ತಿ ಕಟ್ಟಿ" ಎಂದ.

"ಥೂ, ಮಾನ ಕಳೆದ!" ಹಿಂದಿನಿಂದ ಯಾರೋ ಕೂಗಿದರು. "ಬೇಕಂತ ಕೆಡಿಸ್ತಿದ್ದಾನೆ ಸಾರ್. ಲೇ ಗಿಳಿ, ಸರಿಯಾಗಿ ಬಿಡೋ, ಸಾರ್ ಕೇಳ್ಲಿ!" ಅವರಿಗೆ ಅವನ ಮೇಲೆ ಹಗೆಯಿರಲಿಲ್ಲ, ಹೆಮ್ಮೆಯಿತ್ತು. ಅಧಿಕಾರಿ "ಬೇಕಂತ ಕೆಡಿಸ್ತಿದ್ದಾನೆ" ಎಂಬುದನ್ನು ಬರೆದುಕೊಂಡರು.

ಕೊನೆಗೆ ಭಾವನ ಸರದಿ. ಕುರ್ಚಿಯ ಹಿಂದೆ ಅಕ್ಕ ನಿಂತಿದ್ದಳು, ಭುಜದ ಮೇಲೆ ಕೈಯಿಟ್ಟುಕೊಂಡು.

"ಮೈಕಿನಲ್ಲಿ ಮಾತು ಬಂದಾಗ ಇವನು ಎಲ್ಲಿದ್ದ?"

"ನನ್ನ ಪಕ್ಕ..." ಭಾವ ಉಗುಳು ನುಂಗಿದರು. ಗಿಳಿಯ ಮುಖ ಅರಳಿತು. "ನನ್ನ ಪಕ್ಕ ಯಾರೂ ಇರಲಿಲ್ಲ ಸಾರ್."

"ಭಾವಾ! ನಿಮ್ಮ ಕೈಗೆ ಸುತ್ತಿದ್ದ ಅಂಗಿ ಯಾರದು?"

"ಇವನದೇ ಸಾರ್" ಎಂದರು ಭಾವ, ಅಧಿಕಾರಿಯ ಪೆನ್ನನ್ನೇ ನೋಡುತ್ತ. "ಆಮೇಲೆ ಮೇಲಿನಿಂದ ಓಡಿ ಬಂದ."

ಸಂಜೆಯೊಳಗೆ ಗಿಳಿಯ ಕೆಲಸ ಹೋಯಿತು, ಕೈಗೆ ಬೇಡಿ ಬಂತು.

ಮಾರನೆಯ ದಿನ ಅಕ್ಕ ಸ್ಟೇಷನ್ನಿಗೆ ಊಟ ತಂದಳು. ಸರಳಿನ ಈಚೆ ನೆಲದ ಮೇಲೆ ಕೂತು ಅವನು ಉಣ್ಣುವುದನ್ನು ನೋಡಿದಳು.

"ಉಪ್ಪು ಸರಿ ಇದೆಯೇನೋ?"

"ಇದೆ."

"ಜಾಮೀನು ಗೀಮೀನು ಅಂತ ವಕೀಲರನ್ನ ಹಿಡೀಬೇಡ ಕಣೋ. ನೀನು ಕೇಸು ನಡೆಸಿದ್ರೆ ವಿಮೆಯೋರು ದುಡ್ಡು ತಡೆ ಹಿಡೀತಾರಂತೆ. ತಪ್ಪಾಯ್ತು ಅಂದ್ಬಿಡು, ಬೇಗ ಮುಗಿಯುತ್ತೆ."

ಗಿಳಿ ತುತ್ತು ಕೆಳಗಿಟ್ಟ. ತಲೆ ತಗ್ಗಿಸಿ, "ನನ್ನ ಪಕ್ಕ..." ಎಂದು ಉಗುಳು ನುಂಗಿ, "ನನ್ನ ಪಕ್ಕ ಯಾರೂ ಇರಲಿಲ್ಲ ಸಾರ್" ಎಂದ.

ಗಂಡ ಬಂದರೇನೋ ಎಂದು ಅಕ್ಕ ಗಕ್ಕನೆ ಹಿಂತಿರುಗಿ ನೋಡಿದಳು. ಬಾಗಿಲಲ್ಲಿದ್ದ ಪೇದೆ ಮಾತ್ರ ಕಂಡ. ಅವಳ ಕಣ್ಣು ಒಂದು ಗಳಿಗೆ ತೇವವಾಯಿತು, ಆಮೇಲೆ ಏನೋ ಹೊಳೆದು ಮುಖ ಬಿಗಿಯಿತು.

"ಇದನ್ನ ಕೋರ್ಟಲ್ಲಿ ಮಾಡಿಗೀಡೀಯ ಮತ್ತೆ! ನಿನ್ನ ಭಾವ ಹೇಳಿದ ಸಾಕ್ಷಿಯೂ ನಿನ್ನದೇ ಆಟ ಅಂತಾಗಿಬಿಡುತ್ತೆ. ಇನ್ಮೇಲೆ ಬಾಯಿ ಮುಚ್ಕೊಂಡಿರು."

ಹೇಳಿ, ಊಟದ ಡಬ್ಬಿಗೆಂದು ಸರಳಿನೊಳಗೆ ಕೈ ಚಾಚಿದಳು. ಅವನಿನ್ನೂ ಅರ್ಧವೂ ಉಂಡಿರಲಿಲ್ಲ.