ಒಂದು ಬೆರಳು ಹೆಚ್ಚು

ಹೂ ತರಲು ಹೊರಟ ಇಸಾಕಸಾಬ ಅಂಗಳದ ಚಪ್ಪಲಿಗಳನ್ನೆಲ್ಲ ಎತ್ತೆತ್ತಿ ನೋಡಿದ. ತನ್ನ ಜೋಡಿಯಲ್ಲಿ ಒಂದೇ ಇತ್ತು. ಹಲಗೇರಿಯಲ್ಲಿ ಸಾವಿನ ಮನೆಯಿಂದ ಚಪ್ಪಲಿ ಕದಿಯುವವರಿಲ್ಲ; ಅಂಥವರು ಮದುವೆಗೆ ಹೋಗುತ್ತಾರೆ.

ಸತ್ತ ಸಿದ್ದಲಿಂಗಪ್ಪನ ತಮ್ಮ ಸೋಮಣ್ಣ ಹೊಲದ ಕಡೆಯಿಂದ ಬಂದ. ಕೈಯಲ್ಲಿ ಇನ್ನೊಂದು ಚಪ್ಪಲಿ.

"ಕುಣಿ ತಯಾರ ಆತು. ಅಣ್ಣನ ಪಾದದ ಅಳತಿ ತಗೋಳೂದು ಮರ್ತಿದ್ವಿ. ಪದ್ಮಾಸನ ಹಾಕ್ಸಿ ಕಟ್ಟಿಬಿಟ್ಟಿದ್ರು, ಬಿಚ್ಚಾಕ ಬರ್ತೈತೇನು? ಅದಕ್ಕ ಅವನ ಚಪ್ಪಲಿ ಒಯ್ದು ಅಳದ್ವಿ."

"ಸೋಮಣ್ಣ, ಅದು ನಂದೋ!"

ಗೆಳೆಯರಿಬ್ಬರೂ ರಾಣೆಬೆನ್ನೂರಿನ ಒಂದೇ ಅಂಗಡಿಯಲ್ಲಿ ಒಂದೇ ನಮೂನೆ ಕೊಂಡಿದ್ದರು. ಇಸಾಕಸಾಬನದು ಒಂದು ಬೆರಳು ದೊಡ್ಡದು. ಕುಣಿಯ ಉದ್ದ ಸತ್ತವನ ಒಂಬತ್ತು ಪಾದ ಇರಬೇಕು. ಹೆಣ ಕೂರಿಸಲು ಕುಣಿಯ ಗೋಡೆಯಲ್ಲಿ ಕೊರೆಯುವ ಗೂಡಿಗೂ ಅದೇ ಪಾದದ ಲೆಕ್ಕ.

"ಇರ್ಲಿ ಬಿಡೊ ಇಸಾಕಣ್ಣ, ಒಂದು ಬೆರಳು."

"ಒಂಬತ್ತು ಪಾದಕ್ಕ ಒಂಬತ್ತು ಬೆರಳು ಆತು. ಅಂವ ಇದ್ದಿದ್ರ ಪಾಸ್ ಮಾಡ್ತಿದ್ದಿಲ್ಲ."

"ಜೀವ ಇದ್ದಾಗ ಯಾರಿಗೂ ಒಂದ ಕೂದಲಷ್ಟು ಬಿಟ್ಟಾಂವಲ್ಲ," ಎಂದಳು ಸೋದರತ್ತೆ ಮುದುಕವ್ವ, ಕಣ್ಣೊರೆಸಿಕೊಳ್ಳುತ್ತ. "ಈಗರ ಸಡ್ಲಾಗಿ ಕುಂದರ್ಲಿ."

\*

ರಾಣೆಬೆನ್ನೂರಿನ ಕಾರಖಾನೆಯಲ್ಲಿ ಇಸಾಕಸಾಬ ಲೇಥಿನ ಮೇಲೆ ಪಂಪಿನ ಬಿಡಿಭಾಗ ಮಾಡುತ್ತಿದ್ದ, ಸಿದ್ದಲಿಂಗಪ್ಪ ಅಳೆಯುತ್ತಿದ್ದ. ತೊಂಬತ್ತಾರನೇ ಇಸವಿಯಲ್ಲಿ ಅಳೆಯುವ ಯಂತ್ರ ಬಂತು. ಯಂತ್ರಕ್ಕೊಂದು ಕಂಪ್ಯೂಟರು, ಕಂಪ್ಯೂಟರಿಗೊಂದು ಏಸಿ. ಮಾಲೀಕನಿಗೂ ಇಲ್ಲದ ತಂಪು. ಪರದೆಯ ಮೇಲೆ ಭಾಗ ಹೇಗಿರಬೇಕೋ ಹಾಗಿದ್ದ ಕ್ಯಾಡ್ ಮಾಡೆಲ್ಲು. ಯಂತ್ರದ ಕಡ್ಡಿಯ ತುದಿಯ ಕೆಂಪು ಹರಳು ನಿಜವಾದ ಭಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಮಾಡೆಲ್ಲಿಗೆ ಹೊಂದಿದಲ್ಲಿ ಹಸಿರು, ತಪ್ಪಿದಲ್ಲಿ ಕೆಂಪು.

"ತೂತು ದೊಡ್ಡದಾಗೇತಲೇ ಸಾಬ. ಕೆಂಪ ನೋಡು."

"ಕೂದಲೆಳಿಯಷ್ಟ. ಸಂದಿಗೆ ತಗಡಿನ ಪ್ಯಾಕಿಂಗ್ ಕೊಟ್ರಾತು."

"ತಗದ ಕಬ್ಬಣ ತಿರಗಿ ಬರ್ತೈತೇನು? ಪ್ಯಾಕಿಂಗ್ ನಡ್ಯಾಂಗಿಲ್ಲ. ಒಯ್ಯಿ."

"ನಿನ್ನ ಮಾಡೆಲ್ಲಿನಂಥದ್ದು ಆ ದೇವರ ಮಾಡಬೇಕು."

"ನಿನ್ನ ಮಾಡಿದಾಂವ ಅವನ ಅಲ್ಲೇನು? ಅವನ ಕೆಲಸ ಹೆಂಗ ನಂಬ್ಲಿ?"

ವಾಪಸು ಕಳಿಸಿದ ದಿನ ಸಂಜೆಯ ಚಹಾ ಸಿದ್ದಲಿಂಗಪ್ಪನದು. ಹೀಗಾಗಿ ಇಸಾಕಸಾಬ ಚಹಾ ಕುಡಿಸಿದ್ದು ಅಪರೂಪ.

\*

ಗೂಡಿನಲ್ಲಿ ಕೂರಿಸಿದರೆ ಸಿದ್ದಲಿಂಗಪ್ಪ ಬಲಕ್ಕೆ ವಾಲಿದ. ನೆಟ್ಟಗೆ ಮಾಡಿದರು, ಮತ್ತೆ ವಾಲಿದ. ವಿಭೂತಿ ಗಟ್ಟಿ, ಪತ್ರಿ ತುಂಬಿದರು. ಸಾಲಲಿಲ್ಲ.

"ಮಣ್ಣು ಬಿದ್ರ ನಿಲ್ತಾನ ಬಿಡ್ರಿ," ಎಂದ ಸೋಮಣ್ಣ.

"ತಡಿ."

ಇಸಾಕಸಾಬ ಕುಣಿಗಿಳಿದ. ಒಳಗೆ ಪೂಜೆ ಮಾಡುತ್ತಿದ್ದ ಅಯ್ಯನವರು ಒಂದು ಗಳಿಗೆ ನೋಡಿ, ಪಕ್ಕಕ್ಕೆ ಸರಿದರು. ಅವನು ಗೆಳೆಯನ ಭುಜಕ್ಕೂ ಗೋಡೆಗೂ ನಡುವೆ ಬೆರಳಾಡಿಸಿದ. "ಸಂದು ಬಾಳ ಐತಿ," ಎಂದು ತನ್ನಷ್ಟಕ್ಕೇ ಅಂದುಕೊಂಡ. ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಮಡಚಿ ಸಂದಿನಲ್ಲಿ ತೂರಿಸಿದ. ಸಿದ್ದಲಿಂಗಪ್ಪ ನೆಟ್ಟಗೆ ಕುಳಿತ.

"ಆತೇನು ಇಸಾಕಣ್ಣ? ಮಣ್ಣು ಹಾಕೋಣು?"

ಇಸಾಕಸಾಬ ಗೆಳೆಯನ ಬಾಯಿಯ ಹತ್ತಿರ ಕಿವಿ ತಂದು ಬಾಗಿ ನಿಂತಿದ್ದ. ಅವನು ಪ್ಯಾಕಿಂಗ್ ತೆಗೆ ಅಂದರೆ ತೆಗೆಯಲು, ಟವೆಲ್ಲಿನ ತುದಿಯನ್ನು ಬಿಡದೆ ಹಿಡಿದುಕೊಂಡಿದ್ದ.