ಟ್ರ್ಯಾಕ್ ಹಾಡುವ ಜುಂಜಮ್ಮ

ಜುಂಜಮ್ಮನವರ ಬಾಯಿ ಖಾಲಿಯಿದ್ದದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ. ಉಳಿದಂತೆ ಎದ್ದಾಗಿನಿಂದ ಮಲಗುವ ತನಕ ಅವರ ಎಡಗೆನ್ನೆಯಲ್ಲಿ ಎಲೆಅಡಿಕೆಯ ಉಂಡೆಯೊಂದು ಸ್ಥಿರವಾಸ ಮಾಡಿರುತ್ತದೆ; ನಗುವಾಗ, ಬಸ್ಸಿನಲ್ಲಿ ಕಂಡಕ್ಟರನೊಡನೆ ಜಗಳಕ್ಕೆ ನಿಂತಾಗ, ಅಷ್ಟೇಕೆ, ಪ್ರೇಮಗೀತೆ ಹಾಡುವಾಗಲೂ ಅದು ಕದಲುವುದಿಲ್ಲ, ಕದಲಿದರೆ ಬಲಗೆನ್ನೆಗೆ ಅಷ್ಟೇ.

ಹಿರಿಯೂರಿನ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವ, ಐವತ್ತು ದಾಟಿದ ಈ ಹೆಂಗಸು ಭಾನುವಾರಗಳಂದು ಚಿತ್ರದುರ್ಗದ ನಮ್ಮ ಮನೆಗೆ ಬರುತ್ತಾರೆ. ನನ್ನ ಮೇಲಿನ ಪ್ರೀತಿಗೇನಲ್ಲ. ನಮ್ಮ ಮಹಡಿಯ ಕೋಣೆಯಲ್ಲಿ ಬಸವೇಶ ಎಂಬ ಸಂಗೀತಗಾರ ಬಾಡಿಗೆಗೆ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಗೋಡೆಗೆಲ್ಲ ಸ್ಪಂಜು ಬಡಿದಿದ್ದಾನೆ, ಸದ್ದು ಮಾತ್ರ ನೇರ ನನ್ನ ನೆತ್ತಿಯ ಮೇಲೇ ಸುರಿಯುತ್ತದೆ. ಅವನು ಕಟ್ಟುವ ಹಾಡುಗಳಿಗೆ ಜುಂಜಮ್ಮ ಟ್ರ್ಯಾಕ್ ಹಾಡುತ್ತಾರೆ. ಎಂದರೆ, ರಾಗ ಹೀಗೆ ಎಂದು ಮೊದಲು ಹಾಡಿಟ್ಟು ಹೋಗುತ್ತಾರೆ. ಆಮೇಲೆ ಬರುವ ನಿಜವಾದ ಗಾಯಕಿ ಅದನ್ನು ಕಿವಿಗೆ ಹಾಕಿಕೊಂಡು, ಸ್ವರಕ್ಕೆ ಸ್ವರ ಹಿಡಿದು ಹಾಡುತ್ತಾಳೆ. ಅವಳ ಧ್ವನಿ ದಾಖಲಾದ ಮೇಲೆ ಇವರ ಧ್ವನಿಯನ್ನು ಅಳಿಸಿಬಿಡುತ್ತಾರೆ. 'ನಿಜವಾದ ಗಾಯಕಿ' ಎಂಬುದು ಬಸವೇಶನ ಮಾತು, ನನ್ನದಲ್ಲ.

ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಹಳ್ಳ ದಾಟುವವರ ಹಾಗೆ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸಿ ಇಡುತ್ತ ಮೆಟ್ಟಿಲು ಹತ್ತುವ ಅವರು ಸ್ಟುಡಿಯೋದ ಕುರ್ಚಿಯಲ್ಲಿ ಈವರೆಗೆ ಕೂತವರಲ್ಲ. ಹೆಡ್‌ಫೋನನ್ನೂ ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕೇಳಿದರೆ, "ಇನ್ನೊಂದು ಕಿವಿ ಊರ ಕಡಿಗಿರ್ಲಿ ಕಣ್ರಿ" ಎನ್ನುತ್ತಾರೆ. ಮದುವೆಮನೆಗಳಲ್ಲಿ ಸೋಬಾನೆ ಹೇಳಿ ಹೇಳಿ ಹದಗೊಂಡ ಗಂಟಲು. ಒಮ್ಮೆ ಕೇಳಿದ ರಾಗ ಮರೆಯುವ ಪೈಕಿಯಲ್ಲ.

ಹೀಗೆ ಅವರು ಟ್ರ್ಯಾಕ್ ಹಾಡಿದ ಒಂದು ಹಾಡು, 'ಹೊಸ್ತಿಲಾಚೆ ನಿಂತೋನೆ', ಜಿಲ್ಲೆಯ ತುಂಬ ಹಬ್ಬಿತು. ಮೊದಲು ಪಲ್ಲವಿ ಎಂಬ ಕಾಲೇಜು ಹುಡುಗಿ ಹಾಡಿದಳು. ಅದು ಫೋನಿನಿಂದ ಫೋನಿಗೆ ಹರಿದದ್ದೇ, ನಿರಂಜನ್ ಎಂಬಾತ 'ನಿಂತೋಳೆ' ಎಂದು ಮಾಡಿಕೊಂಡು ಗಂಡುಧ್ವನಿಯಲ್ಲಿ ಹಾಡಿದ. ಆಮೇಲೆ ಯಾರೋ ಇಬ್ಬರು ಸೇರಿ ಯುಗಳಗೀತೆ ಮಾಡಿದರು. ಎಲ್ಲದರಲ್ಲೂ ಜನಕ್ಕೆ ಹುಚ್ಚು ಹಿಡಿಸಿದ್ದು ಒಂದೇ ಜಾಗ: 'ಹೊಸ್ತಿಲಾಚೆ' ಎಂದು ತಡೆದು, ಒಂದು ಗಳಿಗೆ ಮೌನವಾಗಿ, ಆಮೇಲೆ ಮೆಲ್ಲಗೆ 'ನಿಂತೋನೆ' ಎನ್ನುವುದು. ಆ ಮೌನದಲ್ಲಿ ಲಜ್ಜೆಯಿದೆ, ವಿರಹವಿದೆ ಎಂದು ನನ್ನಂಥ ನಿವೃತ್ತ ಮೇಷ್ಟ್ರೂ ಒಪ್ಪಿಕೊಂಡಿದ್ದೆ.

ಹೊಸದುರ್ಗದ ಒಂದು ಮದುವೆಯ ರಿಸೆಪ್ಷನ್ನಿನಲ್ಲಿ ಜುಂಜಮ್ಮನವರೂ ನಾನೂ ಅಕ್ಕಪಕ್ಕ ಕೂತಿದ್ದೆವು. ಆರ್ಕೆಸ್ಟ್ರಾದವರು ಅದೇ ಹಾಡು ಎತ್ತಿಕೊಂಡರು. ಆ ಜಾಗ ಬಂದಾಗ ಹಾಡುವವಳು ನಿಲ್ಲಿಸಿ ಮೈಕನ್ನು ಜನರ ಕಡೆ ಚಾಚಿದಳು, ಇಡೀ ಕಲ್ಯಾಣಮಂಟಪ 'ನಿಂತೋನೆ' ಎಂದು ಕೂಗಿ ಚಪ್ಪಾಳೆ ಹೊಡೆಯಿತು. ಜುಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನನ್ನ ಎಲೆಅಡಿಕೆಗೆ ಚಪ್ಪಾಳೆ ಹೊಡಿತಾವಲ್ರೀ ಮೇಷ್ಟ್ರೇ! ಅವತ್ತು ಟ್ರ್ಯಾಕ್ ಹಾಡೋವಾಗ ಸುಣ್ಣ ಜಾಸ್ತಿ ಆಗಿ ಬಾಯಿ ಸುಡ್ತಿತ್ತು. ಆ ಕಡೆಯಿಂದ ಈ ಕಡಿಗೆ ತಳ್ಳಿಕೊಂಡೆ, ಅಷ್ಟೇಯ. ಆ ಹುಡುಗಿ ಅದನ್ನೂ ರಾಗ ಅಂದ್ಕಂಡು ಹಾಡೈತೆ."

ನಾನೂ ನಕ್ಕೆ. ನಗು ಮುಗಿದ ಮೇಲೆ ಅವರು ವೇದಿಕೆಯ ಕಡೆಯೇ ನೋಡುತ್ತ ಹೇಳಿದರು: "ಒಂದು ಸಲ ನನ್ನ ಧ್ವನೀಲೂ ಇದು ಆಚಿಗೆ ಬರ್ಬೇಕು ಕಣ್ರಿ. ಆಸೆ ಐತೆ."

ಬಸವೇಶನಿಗೆ ನಾನೇ ಹೇಳಿದೆ. ಪುಣ್ಯಾತ್ಮ, ಮರುಮಾತಿಲ್ಲದೆ ಒಪ್ಪಿದ. ಆ ಭಾನುವಾರ ಜುಂಜಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ನಮ್ಮ ನಲ್ಲಿಯ ಮುಂದೆ ನಿಂತು ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ಎಲೆಅಡಿಕೆಯಿಲ್ಲದ ಆ ಮುಖ ಅಪರಿಚಿತವಾಗಿ, ಸ್ವಲ್ಪ ಎಳೆಯದಾಗಿ ಕಂಡಿತು. ನಾನು ಹಿಂದೆಯೇ ಮೇಲೆ ಹೋದೆ.

ಹಾಡಿದರು ನೋಡಿ! ಎಲ್ಲೂ ತಡೆಯದೆ, ತುಂಬು ಕಂಠದಲ್ಲಿ, 'ಹೊಸ್ತಿಲಾಚೆ ನಿಂತೋನೆ' ಎಂದು ಒಂದೇ ಉಸಿರಿಗೆ ಕರೆದರು. ನನ್ನ ಮೈ ಜುಮ್ಮೆಂದಿತು. ಬಸವೇಶ ಮಾತ್ರ ತಲೆ ಕೆರೆದುಕೊಂಡ.

"ಚೆನ್ನಾಗೈತೆ ಅಕ್ಕ, ಆದ್ರೆ ಆ ಗ್ಯಾಪು ಬರ್ಲಿಲ್ಲ. ಪಲ್ಲವಿ ಹಾಡಿರೋದನ್ನ ಒಂದ್ಸಲ ಕೇಳ್ರಿ. ಹಂಗೇ ಹಿಡೀರಿ."

ಜುಂಜಮ್ಮ ಪಲ್ಲವಿಯನ್ನು ಕೇಳಿದರು. ಆಮೇಲೆ ಎಲೆಅಡಿಕೆಯ ಕಥೆ ಹೇಳಿದರು. ಬಸವೇಶ ಬಿದ್ದು ಬಿದ್ದು ನಕ್ಕ. "ಏನರ ಆಗ್ಲಿ, ಜನಕ್ಕೆ ಅದೇ ಬೇಕು. ಬೇಕಾದ್ರೆ ಒಂದೆಲೆ ಹಾಕ್ಕಂಡು ಹಾಡ್ರಿ" ಎಂದ.

"ಬ್ಯಾಡ ಕಣಪ್ಪ. ಅವನು ಬಾಗಿಲ ತಂಕ ಬಂದು ನಿಂತವ್ನೆ. ಕರಿಯಾಕೆ ತಡ ಮಾಡ್ತಾರೇನು? ನಾನಾದ್ರೆ ತಡ ಮಾಡಲ್ಲ."

ಅವರು ಹಾಡಿದ ಹಾಗೆಯೇ ಹಾಡು ಹೊರಬಂತು, ಅವರ ಹೆಸರಿನಲ್ಲೇ. ಮುಂದಿನ ವಾರ ಬಂದು ನನ್ನ ಫೋನಿನ ಮುಂದೆ ಕೂತರು. "ಜನ ಏನ್ ಬರ್ದವ್ರೆ, ಓದ್ರಿ." ನಾನು ಓದತೊಡಗಿದೆ. 'ಫೀಲೇ ಇಲ್ಲ.' 'ಗ್ಯಾಪ್ ಎಲ್ಲಿ ಹೋಯ್ತು?' 'ಆಂಟಿ, ಒರಿಜಿನಲ್ ಕೇಳಿ ಕಲಿತುಕೊಂಡು ಹಾಡಿ.' ನಾನು ನಿಲ್ಲಿಸಿದೆ.

"ನಿಲ್ಲಿಸ್ಬ್ಯಾಡ್ರಿ, ಓದ್ರಿ."

ಓದಿದೆ. ಹೊಗಳಿದವರೂ ಒಬ್ಬಿಬ್ಬರಿದ್ದರು, ಇಲ್ಲವೆನ್ನಲಾರೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಬ್ಯಾಸರ ಆತು ಮೇಷ್ಟ್ರೇ, ಸುಳ್ಳು ಯಾಕೆ ಹೇಳ್ಲಿ" ಎಂದರು. ನನಗೆ ಆ ಬರೆದವರ ಮೇಲೆಲ್ಲ ಕೆಟ್ಟ ಸಿಟ್ಟು ಬಂತು, ಏನು ಮಾಡುವುದು. ಮೇಲಿನಿಂದ ಬಸವೇಶ ಕೂಗಿದ. ಹೊಸ ಹಾಡೊಂದರ ಟ್ರ್ಯಾಕಿತ್ತು. ಜುಂಜಮ್ಮ ಎದ್ದು ಹೋದರು.

ಇವರಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಇನ್ನೊಬ್ಬರ ನಾಟಕಕ್ಕೆ ಮಾತು ಕಲಿಸುವವರು, ಇನ್ನೊಬ್ಬರ ಭಾಷಣ ತಿದ್ದಿಕೊಡುವವರು, ಮೊದಲು ಹಾಡಿ ಅಳಿಸಿಹೋಗುವವರು. ಅವರ ಗುರುತು ಎಲ್ಲರ ಕಂಠದಲ್ಲೂ ಉಳಿಯುತ್ತದೆ, ಅವರೇ ಬಂದು ನಿಂತರೆ ನಕಲಿಯಂತೆ ಕಾಣುತ್ತಾರೆ. ಸಭೆಗಳಲ್ಲಿ ನಾವು ಅವರನ್ನು ನಿಸ್ಪೃಹರು, ಎಲೆಮರೆಯ ಕಾಯಿಗಳು ಎಂದು ಹೊಗಳಿ, ಶಾಲು ಹೊದಿಸಿ, ಕೈ ತೊಳೆದುಕೊಳ್ಳುತ್ತೇವೆ. ಅವರು ನಿಸ್ಪೃಹರೆಂದು ನಮಗೆ ಹೇಳಿದವರು ಯಾರು? ಜುಂಜಮ್ಮನವರಿಗಂತೂ ಬೇಕಿತ್ತು. ಬಾಯಿಬಿಟ್ಟು ಕೇಳಿಯೂ ಇದ್ದರು.